ಕಣ್ಣು ಬಿಟ್ಟುಕೊಂಡೇ ಉರಿದವರು

ಕ್ರಿ.ಪೂ. 431ರ ವಸಂತದಲ್ಲಿ ಅಥೆನ್ಸಿನ ಡಯೊನೈಸಸ್ ಹಬ್ಬದ ನಾಟಕ ಸ್ಪರ್ಧೆಗೆ ಯೂರಿಪಿಡೀಸ್ ‘ಮೆಡಿಯಾ’ವನ್ನು ತಂದ. ಕಣದಲ್ಲಿದ್ದವರು ಮೂವರು ಕವಿಗಳು. ಅವನಿಗೆ ಸಿಕ್ಕಿದ್ದು ಮೂರನೆಯ ಸ್ಥಾನ. ಕಥೆಯ ಎಳೆ ಜನಕ್ಕೆ ಗೊತ್ತಿದ್ದದ್ದೇ. ಕಪ್ಪು ಸಮುದ್ರದ ದಂಡೆಯ ಕೋಲ್ಕಿಸ್‌ನ ರಾಜಕುಮಾರಿ ಮೆಡಿಯಾ ಗ್ರೀಕ್ ವೀರ ಜೇಸನ್‌ಗೆ ಮನಸೋತು, ಅಪ್ಪನಿಗೆ ಎರಡು ಬಗೆದು, ಒಡಹುಟ್ಟಿದವನನ್ನು ಕೊಂದು ಊರು ಬಿಟ್ಟು ಬಂದವಳು. ಈಗ ಕೊರಿಂತ್‌ನಲ್ಲಿ ಅದೇ ಜೇಸನ್ ದೊರೆಯ ಮಗಳ ಕೈ ಹಿಡಿದಿದ್ದಾನೆ. ಮೆಡಿಯಾ ವಿಷ ಸವರಿದ ಉಡುಗೊರೆ ಕಳಿಸಿ ಆ ಹುಡುಗಿಯನ್ನು ಕೊಲ್ಲುತ್ತಾಳೆ. ಆಮೇಲೆ ಜೇಸನ್‌ನಿಂದ ತಾನು ಹೆತ್ತ ಇಬ್ಬರು ಮಕ್ಕಳನ್ನು.

ಅದಕ್ಕೆ ಮೊದಲು ಅವಳಿಗೊಂದು ದೀರ್ಘವಾದ ಮಾತಿದೆ. ಮಕ್ಕಳು ಎದುರಿಗೆ ನಿಂತು ನಗುತ್ತಿದ್ದಾರೆ. ಬೇಡ, ಇವರನ್ನು ಜೊತೆಗೆ ಕರಕೊಂಡು ಹೋಗಿಬಿಡುತ್ತೇನೆ ಅನ್ನುತ್ತಾಳೆ. ಮರುಕ್ಷಣ, ವೈರಿಗಳು ನನ್ನನ್ನು ನೋಡಿ ನಗಬೇಕೇ ಅನ್ನುತ್ತಾಳೆ. ಮನಸ್ಸು ಹೀಗೆ ಅತ್ತಿತ್ತ ಹೊಯ್ದಾಡಿ, ಮಕ್ಕಳ ಮೆತ್ತನೆಯ ಮೈಯನ್ನೂ ಸಿಹಿಯಾದ ಉಸಿರನ್ನೂ ನೆನೆದು, ಅವರನ್ನು ಒಳಗೆ ಕಳಿಸಿ ಹೇಳುತ್ತಾಳೆ: “ನಾನು ಮಾಡಹೊರಟಿದ್ದು ಎಂಥ ಕೇಡೆಂದು ನನಗೆ ಗೊತ್ತು. ಆದರೆ ನನ್ನ ಆಲೋಚನೆಗಳಿಗಿಂತ ನನ್ನ ರೋಷ ಬಲವಾದದ್ದು.”

ಸಿಟ್ಟಿನ ಭರದಲ್ಲಿ ಕೆಟ್ಟದ್ದು ಮಾಡಿದವರ ಸಮಜಾಯಿಷಿ ಎಲ್ಲ ಕಾಲದಲ್ಲೂ ಒಂದೇ. ಮೈಮೇಲೆ ಖಬರಿರಲಿಲ್ಲ, ಬುದ್ಧಿ ಕೆಟ್ಟಿತ್ತು, ಏನು ಮಾಡಿದೆನೋ ನನಗೇ ತಿಳಿಯಲಿಲ್ಲ. ಮೆಡಿಯಾ ಆ ಸಮಜಾಯಿಷಿಯನ್ನು ಮುಂಚಿತವಾಗಿಯೇ ಹರಿದುಹಾಕುತ್ತಾಳೆ. ಅವಳ ಬುದ್ಧಿ ನೆಟ್ಟಗಿದೆ. ಲೆಕ್ಕ ಸರಿಯಾಗಿದೆ. ಕೈ ಮಾತ್ರ ನಿಲ್ಲುವುದಿಲ್ಲ.

ಈಚೆಗೆ ಫೋನು ತೆರೆದರೆ ಸಾಕು, ಸ್ಟೊಯಿಕ್ ಎಂಬ ಹಳೆಯ ಗ್ರೀಕ್-ರೋಮನ್ ತತ್ವಪಂಥದ ಸೂಕ್ತಿಗಳು ಬಂದು ಬೀಳುತ್ತವೆ. ಅಮೃತಶಿಲೆಯ ಗಡ್ಡದ ಮುಖ, ಕೆಳಗೆ ಮನಸ್ಸನ್ನು ಹದ್ದುಬಸ್ತಿನಲ್ಲಿಡುವ ಬಗೆಗೊಂದು ಸಾಲು. ಅವನ್ನಷ್ಟೇ ನೋಡಿದವರಿಗೆ ಹಳೆಯ ಗ್ರೀಕರೂ ರೋಮನ್ನರೂ ಮಂಜುಗಡ್ಡೆಯಂಥ ಜನ, ಭಾವೋದ್ವೇಗವನ್ನು ಗಂಟುಮೂಟೆ ಕಟ್ಟಿ ಆಚೆ ಇಟ್ಟವರು ಅನಿಸಿದರೆ ಆಶ್ಚರ್ಯವಿಲ್ಲ. ಅವರ ಕಾವ್ಯ, ನಾಟಕ, ಪತ್ರಗಳನ್ನು ಓದುವಾಗ ನನ್ನನ್ನು ತಡೆದು ನಿಲ್ಲಿಸುವುದು ಬೇರೆಯೇ ಒಂದು ಸಂಗತಿ. ಉರಿಯುತ್ತಿರುವವರಿಗೆ ತಾವು ಉರಿಯುತ್ತಿದ್ದೇವೆ ಎಂಬುದು ಅಲ್ಲಿ ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿರುವುದರಿಂದ ಏನೂ ಆರುವುದಿಲ್ಲ. ಕವಿಗಳು ಇದನ್ನು ಮೊದಲೇ ಹೇಳಿಬಿಟ್ಟಿದ್ದರು. ತತ್ವಜ್ಞಾನಿಗಳು ಅದನ್ನು ಅರಗಿಸಿಕೊಳ್ಳಲು ಆರುನೂರು ವರ್ಷ ಒದ್ದಾಡಿದರು.

ಒದ್ದಾಟದ ಮುಂದಾಳು ಕ್ರಿಸಿಪ್ಪಸ್. ಕ್ರಿ.ಪೂ. 3ನೆಯ ಶತಮಾನದವನು, ಸ್ಟೊಯಿಕ್ ಪಂಥದ ಮೂರನೆಯ ಮುಖ್ಯಸ್ಥ. ಏಳುನೂರಕ್ಕೂ ಹೆಚ್ಚು ಹೊತ್ತಗೆ ಬರೆದನಂತೆ, ಒಂದೂ ಇಡಿಯಾಗಿ ಉಳಿದಿಲ್ಲ. ಬೇರೆಯವರ ಸಾಲುಗಳನ್ನು ಧಾರಾಳವಾಗಿ ಎತ್ತಿಕೊಳ್ಳುವುದು ಅವನ ಚಟ. ಒಮ್ಮೆ ಯೂರಿಪಿಡೀಸನ ‘ಮೆಡಿಯಾ’ವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತನ್ನ ಗ್ರಂಥದೊಳಗೆ ಇಳಿಸಿಬಿಟ್ಟಿದ್ದನಂತೆ. ಅದನ್ನು ಓದುತ್ತಿದ್ದವನನ್ನು ಯಾವ ಪುಸ್ತಕ ಎಂದು ಯಾರೋ ಕೇಳಿದರೆ “ಕ್ರಿಸಿಪ್ಪಸನ ಮೆಡಿಯಾ” ಎಂದನೆಂದು ಡಯೊಜಿನೀಸ್ ಲೇರ್ಟಿಯಸ್ ಬರೆದಿಟ್ಟಿದ್ದಾನೆ. ತಮಾಷೆ ಹಾಗಿರಲಿ, ಅವನಿಗೆ ಮೆಡಿಯಾ ಬೇಕೇ ಬೇಕಾಗಿದ್ದಳು. ಅವನ ಪ್ರಕಾರ ಮನುಷ್ಯನ ಮನಸ್ಸು ಒಂದೇ, ಅದೆಲ್ಲವೂ ವಿವೇಕವೇ. ಕೋಪ, ಭಯ, ಆಸೆ, ದುಃಖ ಅಂದರೆ ಅದೇ ವಿವೇಕ ಕೊಟ್ಟ ತಪ್ಪು ತೀರ್ಪುಗಳು. ನಡೆಯುವವನು ಬೇಕೆಂದಲ್ಲಿ ನಿಲ್ಲುತ್ತಾನೆ, ಓಡುವವನ ಕಾಲು ಅವನ ಮಾತು ಕೇಳದೆ ಮುಂದಕ್ಕೆ ಹೋಗುತ್ತದೆ. ಆವೇಶವೆಂದರೆ ಹೀಗೆ ಓಟಕ್ಕೆ ಬಿದ್ದ ವಿವೇಕ ಎನ್ನುತ್ತಾನೆ. ಸುಮಾರು ನಾಲ್ಕುನೂರು ವರ್ಷಗಳ ಮೇಲೆ ವೈದ್ಯ ಗೇಲನ್ ಅದೇ ಮೆಡಿಯಾಳನ್ನು ಹಿಡಿದುಕೊಂಡು ಕ್ರಿಸಿಪ್ಪಸನ ಮೇಲೆ ಬಿದ್ದ. ಅವಳಿಗೆ ಗೊತ್ತಿತ್ತಲ್ಲ! ತಿಳಿದದ್ದು ಒಂದು, ಗೆದ್ದದ್ದು ಇನ್ನೊಂದು. ಅಂದಮೇಲೆ ಒಳಗೆ ಒಂದಕ್ಕಿಂತ ಹೆಚ್ಚು ಶಕ್ತಿಗಳು ಇರಲೇಬೇಕು, ಪ್ಲೇಟೋ ಹೇಳಿದ್ದೇ ಸರಿ ಎಂಬುದು ಗೇಲನ್‌ನ ವಾದ.

ಇವರಿಬ್ಬರ ನಡುವಿನ ಕಾಲದಲ್ಲಿ ಬರುವ ಸ್ಟೊಯಿಕ್ ಚಿಂತಕ ಎಪಿಕ್ಟೀಟಸ್‌ನ ಮಾತು ನನಗೆ ಹೆಚ್ಚು ಹತ್ತಿರ. ಗುಲಾಮನಾಗಿದ್ದು ಬಿಡುಗಡೆ ಪಡೆದವನು ಅವನು. ಗಂಡನ ಮೇಲೆ ಸೇಡು ತೀರಿಸಿಕೊಳ್ಳುವುದು ಮಕ್ಕಳನ್ನು ಉಳಿಸಿಕೊಳ್ಳುವುದಕ್ಕಿಂತ ಲಾಭವೆಂದು ಅವಳಿಗೆ ಕಂಡಿತು, ಮೋಸಹೋದಳು ಎನ್ನುತ್ತಾನೆ. ಮೋಸಹೋಗಿದ್ದಾಳೆಂದು ಅವಳಿಗೆ ಸ್ಪಷ್ಟವಾಗಿ ತೋರಿಸಿಕೊಡಿ, ಮಾಡುವುದಿಲ್ಲ. ಅಲ್ಲಿಯವರೆಗೆ ತನಗೆ ಕಂಡದ್ದನ್ನು ಬಿಟ್ಟು ಇನ್ನೇನನ್ನು ಹಿಡಿದು ನಡೆದಾಳು? ಕುರುಡರನ್ನು ಕುಂಟರನ್ನು ಕಂಡು ಮರುಗುವ ನಾವು ಇವಳನ್ನು ಕಂಡು ಯಾಕೆ ಸಿಡುಕಬೇಕು? ಇಷ್ಟು ಕರುಣೆಯಿಂದ ಅವಳ ಬಗ್ಗೆ ಮಾತಾಡಿದವರು ಆ ಪಂಥದಲ್ಲಿ ಕಡಿಮೆ. ಆದರೂ ಅವನು ಕೂಡ ಅವಳನ್ನು ಕುರುಡಿಯ ಸಾಲಿಗೆ ಸೇರಿಸಿಯೇ ಕ್ಷಮಿಸಿದ್ದು. ನಾಟಕದ ಮೆಡಿಯಾ ಅಂಥ ಕ್ಷಮೆಯನ್ನು ಕೇಳಿರಲಿಲ್ಲ.

ಈ ಅರಿವು ಯೂರಿಪಿಡೀಸನ ಸ್ವಂತದ್ದೇನಲ್ಲ, ಹೋಮರ್‌ನಲ್ಲಿ ಆಗಲೇ ಇದೆ. ‘ಇಲಿಯಡ್’ ಕಾವ್ಯದ ವಸ್ತುವೇ ಅಕಿಲೀಸ್‌ನ ಮುನಿಸು. ಸೇನಾಧಿಪತಿ ಅಗಮೆಮ್ನಾನ್ ತನ್ನ ಪಾಲಿಗೆ ಬಂದಿದ್ದ ಸೆರೆಯ ಹೆಣ್ಣು ಬ್ರಿಸೇಯಿಸ್‌ಳನ್ನು ಕಿತ್ತುಕೊಂಡನೆಂದು ಅಕಿಲೀಸ್ ಟ್ರಾಯ್ ಯುದ್ಧದಿಂದ ಹಿಂದೆ ಸರಿದು ಡೇರೆ ಸೇರುತ್ತಾನೆ. ಅವನಿಲ್ಲದೆ ಗ್ರೀಕರು ಸಾಲುಸಾಲಾಗಿ ಸಾಯುತ್ತಾರೆ. ಕೊನೆಗೆ ಅವನ ಜೀವದ ಗೆಳೆಯ ಪ್ಯಾಟ್ರೊಕ್ಲಸ್ ಅವನದೇ ರಕ್ಷಾಕವಚ ತೊಟ್ಟು ಹೋಗಿ ಟ್ರಾಯ್ ದೊರೆಯ ಮಗ ಹೆಕ್ಟರ್‌ನ ಕೈಯಲ್ಲಿ ಸಾಯುತ್ತಾನೆ. ಹದಿನೆಂಟನೆಯ ಸರ್ಗದಲ್ಲಿ ಅಕಿಲೀಸ್ ತಾಯಿಯ ಮುಂದೆ ಹಲುಬುತ್ತ ಹೇಳುವ ಮಾತು: ದೇವರಲ್ಲೂ ಮನುಷ್ಯರಲ್ಲೂ ಜಗಳವೆಂಬುದು ಅಳಿದುಹೋಗಲಿ, ತಿಳಿದವನನ್ನೂ ಕೆರಳಿಸುವ ಕೋಪ ಅಳಿದುಹೋಗಲಿ, ಅದು ತೊಟ್ಟಿಕ್ಕುವ ಜೇನಿಗಿಂತ ಸಿಹಿಯಾಗಿ ಎದೆಯಲ್ಲಿ ಹೊಗೆಯಂತೆ ಏಳುತ್ತದೆ.

ಜೇನಿಗಿಂತ ಸಿಹಿ. ಕೋಪವನ್ನು ಬೈಯುವ ಹೊತ್ತಿನಲ್ಲೇ ಅದರ ರುಚಿ ಒಪ್ಪಿಕೊಳ್ಳುವುದಕ್ಕೆ ಎಂಟೆದೆ ಬೇಕು. ಇನ್ನೂ ವಿಚಿತ್ರವೆಂದರೆ ಅಗಮೆಮ್ನಾನ್‌ನ ಮೇಲಿನ ಕೋಪವನ್ನು ಶಪಿಸುತ್ತಿರುವ ಈ ಕ್ಷಣದಲ್ಲೇ ಅವನು ಹೆಕ್ಟರ್‌ನ ಮೇಲಿನ ಹೊಸ ಕೋಪಕ್ಕೆ ಇಳಿಯುತ್ತಿದ್ದಾನೆ. ಪಾಠ ಕಲಿತ ಉಸಿರಿನಲ್ಲೇ ಪಾಠ ಮರೆಯುತ್ತಾನೆ. ಮುಂದೆ ಹೆಕ್ಟರ್‌ನನ್ನು ಕೊಂದು, ಹೆಣವನ್ನು ರಥಕ್ಕೆ ಕಟ್ಟಿ ಎಳೆದಾಡುತ್ತಾನೆ. ಹೋಮರ್ ಅದನ್ನು ಮೆಚ್ಚುವುದಿಲ್ಲ. ಇವನು ಕರುಣೆಯನ್ನೇ ಕೊಂದುಕೊಂಡಿದ್ದಾನೆ ಎಂದು ಅಪೊಲೊನಿಂದ ಹೇಳಿಸುತ್ತಾನೆ.

ಕೊನೆಯ ಸರ್ಗದಲ್ಲಿ ಹೆಕ್ಟರ್‌ನ ಮುದಿ ತಂದೆ ಪ್ರಯಮ್ ರಾತ್ರಿ ಅಕಿಲೀಸ್‌ನ ಬಿಡಾರಕ್ಕೆ ಬಂದು, ತನ್ನ ಮಕ್ಕಳನ್ನು ಕೊಂದ ಕೈಗಳಿಗೆ ಮುತ್ತಿಡುತ್ತಾನೆ. ಇಬ್ಬರೂ ಅಳುತ್ತಾರೆ, ಒಬ್ಬ ಮಗನಿಗಾಗಿ, ಇನ್ನೊಬ್ಬ ದೂರದ ತಂದೆಗಾಗಿಯೂ ಗೆಳೆಯನಿಗಾಗಿಯೂ. ಈ ದೃಶ್ಯವನ್ನು ಹೊಗಳುವವರೆಲ್ಲ ಅಳುವಿನಲ್ಲೇ ನಿಂತುಬಿಡುತ್ತಾರೆ. ನನಗೆ ಮುಖ್ಯವೆನಿಸುವುದು ಆಮೇಲಿನದು. ಕೂತುಕೊಳ್ಳಲಾರೆ, ಬೇಗ ಮಗನನ್ನು ಕೊಟ್ಟುಬಿಡು ಎಂದು ಪ್ರಯಮ್ ಅವಸರಿಸುತ್ತಾನೆ. ಅಕಿಲೀಸ್ ದುರುಗುಟ್ಟಿ ನೋಡುತ್ತಾನೆ: ಮುದುಕಪ್ಪಾ, ನನ್ನನ್ನು ಕೆಣಕಬೇಡ, ಶರಣು ಬಂದವನೆಂದೂ ನೋಡದೆ ನಿನ್ನನ್ನು ಕೊಂದೇನು. ಆಮೇಲೆ ಹೊರಗೆ ಹೋಗಿ, ಹೆಕ್ಟರ್‌ನ ಹೆಣವನ್ನು ತಂದೆಯ ಕಣ್ಣಿಗೆ ಬೀಳದ ಕಡೆ ಒಯ್ದು ತೊಳೆಯಿರಿ ಎಂದು ದಾಸಿಯರಿಗೆ ಹೇಳುತ್ತಾನೆ. ಮಗನ ಹೆಣ ಕಂಡು ಮುದುಕ ಸಿಟ್ಟು ತಡೆಯದೆ ಹೋದರೆ ತನ್ನ ಸಿಟ್ಟೂ ಏಳುತ್ತದೆ, ಆಗ ತಾನು ಅವನನ್ನು ಕೊಂದೇ ಬಿಡುತ್ತೇನೆ ಎಂಬ ಭಯ. ಅಕಿಲೀಸ್ ಶಾಂತನಾಗಿಲ್ಲ. ತನ್ನ ಕೋಪ ಎಷ್ಟು ದೂರದಲ್ಲಿ ಕುಳಿತಿದೆ ಎಂಬುದು ಅವನಿಗೆ ಗೊತ್ತಾಗಿದೆ, ಅಷ್ಟೆ. ಅದು ಏಳದಂತೆ ಹೆಣವನ್ನು ಮರೆಗೆ ಸರಿಸುತ್ತಾನೆ. ಪುಸ್ತಕಗಟ್ಟಲೆ ಕೋಪಶಮನದ ಉಪದೇಶದಲ್ಲಿ ಇಷ್ಟು ಪ್ರಾಯೋಗಿಕವಾದದ್ದು ನನಗೆ ಸಿಕ್ಕಿಲ್ಲ. ಎಷ್ಟು ದಿನ ಬೇಕು ಎಂದು ಕೇಳಿ, ಹನ್ನೊಂದು ದಿನ ಯುದ್ಧ ನಿಲ್ಲಿಸುವುದಾಗಿ ಮಾತೂ ಕೊಡುತ್ತಾನೆ. ಹನ್ನೆರಡನೆಯ ದಿನ ಮತ್ತೆ ಯುದ್ಧ.

ಅರಿಸ್ಟಾಟಲ್ ‘ಭಾಷಣಕಲೆ’ಯಲ್ಲಿ ಕೋಪವನ್ನು ವಿವರಿಸುವಾಗ ಆ ಜೇನಿನ ಸಾಲನ್ನೇ ಎತ್ತಿಕೊಂಡ. ಕೋಪದಲ್ಲಿ ನೋವಿದೆ, ಸೇಡಿನ ಕಲ್ಪನೆಯಲ್ಲಿ ಸುಖವೂ ಇದೆ ಎಂಬುದಕ್ಕೆ ಅವನಿಗೆ ಅಕಿಲೀಸ್ ಸಾಕ್ಷಿ. ಅವನ ಲೆಕ್ಕದಲ್ಲಿ ಕೋಪ ಹುಟ್ಟುವುದು ತಾತ್ಸಾರದಿಂದ: ನಮ್ಮನ್ನು ಹಗುರ ಮಾಡಲು ಹಕ್ಕಿಲ್ಲದವರು ನಮ್ಮನ್ನು ಹಗುರ ಮಾಡಿದಾಗ. ಸಿಟ್ಟಾಗಬೇಕಾದಲ್ಲಿ ಸಿಟ್ಟಾಗದವನು ದಡ್ಡ ಅಂತಲೂ ಅವನು ನೀತಿಶಾಸ್ತ್ರದಲ್ಲಿ ಬರೆದಿದ್ದಾನೆ. ಕೇಳಲು ಹಿತವಾಗಿದೆ. ಆದರೆ ಯಾರನ್ನು ಹಗುರ ಮಾಡಲು ಯಾರಿಗೆ ಹಕ್ಕಿದೆ ಎಂಬುದನ್ನು ನಿಗದಿ ಮಾಡಿದವರು ಯಾರು? ಈ ಕೋಪಮೀಮಾಂಸೆಯೆಲ್ಲ ಮರ್ಯಾದೆಯುಳ್ಳ ಸ್ವತಂತ್ರ ಗಂಡಸಿನ ಅಳತೆಗೆ ಹೊಲಿದದ್ದು. ಕಾವ್ಯದ ಜಗಳಕ್ಕೆ ಮೂಲವಾದ ಬ್ರಿಸೇಯಿಸ್‌ಳ ಗಂಡನನ್ನೂ ಮೂವರು ಅಣ್ಣತಮ್ಮಂದಿರನ್ನೂ ಕೊಂದ ಯುದ್ಧ ಅಕಿಲೀಸ್‌ನದೇ. ಅವಳ ಕೋಪಕ್ಕೆ ಒಂದು ಸಾಲೂ ಇಲ್ಲ, ಅಳಲಿಗೆ ಮಾತ್ರ ಇದೆ: ಪ್ಯಾಟ್ರೊಕ್ಲಸ್‌ನ ಹೆಣದ ಮೇಲೆ ಬಿದ್ದು ಅವಳು ಗೋಳಾಡುತ್ತಾಳೆ, ಸುತ್ತ ನಿಂತ ಹೆಂಗಸರು ದನಿಗೂಡಿಸುತ್ತಾರೆ, ಪ್ಯಾಟ್ರೊಕ್ಲಸ್ ಎಂಬುದು ನೆಪ, ಒಬ್ಬೊಬ್ಬಳೂ ಅತ್ತಿದ್ದು ತನ್ನ ತನ್ನ ಸಂಕಟಕ್ಕೆ ಎನ್ನುತ್ತಾನೆ ಹೋಮರ್. ಹೆಂಗಸರ ಆ ಗೋಳಿಗೂ ಆಳುವವರು ಹೆದರಿದರು. ಅಥೆನ್ಸಿನಲ್ಲಿ ಸೋಲನ್ ಸಾವಿನ ಮನೆಯಲ್ಲಿ ಮೈ ಪರಚಿಕೊಂಡು ಅಳುವುದನ್ನು ನಿಷೇಧಿಸಿದ. ರೋಮಿನ ಹನ್ನೆರಡು ಫಲಕಗಳ ಕಾನೂನಿನಲ್ಲೂ ಹೆಂಗಸರು ಕೆನ್ನೆ ಗೀರಿಕೊಳ್ಳಬಾರದೆಂಬ ವಿಧಿಯಿತ್ತು.

ಮರ್ಯಾದೆಯ ಕೋಪ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಸೊಫೊಕ್ಲೀಸನ ಏಜಾಕ್ಸ್ ಇದ್ದಾನೆ. ಸತ್ತ ಅಕಿಲೀಸ್‌ನ ಆಯುಧಗಳು ತನಗೆ ಬರಬೇಕಿತ್ತು, ಒಡಿಸ್ಸಿಯಸ್‌ಗೆ ಹೋದವು ಎಂದು ಕೆರಳಿ ನಾಯಕರನ್ನು ಕೊಲ್ಲಲು ಹೊರಟವನ ಬುದ್ಧಿಯನ್ನು ಅಥೀನಾ ದೇವಿ ಕೆಡಿಸುತ್ತಾಳೆ. ಅವನು ದನಕುರಿಗಳ ಮಂದೆಯನ್ನು ವೈರಿಗಳೆಂದು ತಿಳಿದು ತರಿಯುತ್ತಾನೆ. ಹುಚ್ಚು ಇಳಿದ ಮೇಲೆ ನಾಚಿಕೆ ತಾಳದೆ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಕನ್ನಡದವರಿಗೆ ಈ ಕಥೆ ಬೇರೆ ವೇಷದಲ್ಲಿ ಪರಿಚಿತ: ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲಿ ‘ಅಶ್ವತ್ಥಾಮನ್’ ನಾಟಕ ಬರೆದದ್ದು ಇದನ್ನೇ ಮಾದರಿಯಾಗಿಟ್ಟುಕೊಂಡು. ಗ್ರೀಕ್ ರುದ್ರನಾಟಕದ ತರ್ಕಕ್ಕಾಗಿ ಅವರು ನಮ್ಮ ಪುರಾಣದ ಚಿರಂಜೀವಿಯೊಬ್ಬನನ್ನು ಸಾಯಿಸಿದರು ಎಂಬುದನ್ನು ನೆನೆದರೆ ಈಗಲೂ ಒಂದು ಬಗೆಯ ಬೆರಗು. ಮೂಲ ನಾಟಕದಲ್ಲಿ ನನಗೆ ಹಿಡಿಸುವುದು ಆರಂಭದ ಒಂದು ತುಣುಕು. ಹುಚ್ಚನಾದ ಏಜಾಕ್ಸ್‌ನನ್ನು ತೋರಿಸಿ, ವೈರಿಯನ್ನು ಕಂಡು ನಗುವುದಕ್ಕಿಂತ ಸಿಹಿಯಾದ ನಗು ಉಂಟೇ ಎಂದು ಅಥೀನಾ ಒಡಿಸ್ಸಿಯಸ್‌ನನ್ನು ಕೇಳುತ್ತಾಳೆ. ಅವನು ನಗುವುದಿಲ್ಲ. ಇವನು ನನ್ನ ವೈರಿಯಾದರೂ ಕನಿಕರವಾಗುತ್ತದೆ, ಇವನ ಗತಿಯಲ್ಲಿ ನನ್ನದೂ ಕಾಣುತ್ತಿದೆ, ನಾವು ಬದುಕಿರುವವರೆಲ್ಲ ಬರೀ ನೆರಳುಗಳು ಎನ್ನುತ್ತಾನೆ. ದೇವಿಗಿಂತ ಮನುಷ್ಯನೇ ದೊಡ್ಡವನಾಗಿ ಕಾಣುವ ಇಂಥ ಗಳಿಗೆಗಳು ಆ ರಂಗಭೂಮಿಯಲ್ಲಿ ಹೆಚ್ಚಿಲ್ಲ.

ಇನ್ನು ಪ್ರೇಮ. ಗ್ರೀಕ್ ಕವಯಿತ್ರಿ ಸಾಫೋ ತನ್ನ ಒಂದು ಕವಿತೆಯಲ್ಲಿ ಬಯಕೆಯನ್ನು ವರ್ಣಿಸುವುದೇ ಇಲ್ಲ, ಅದರ ಲಕ್ಷಣಗಳನ್ನು ಪಟ್ಟಿ ಮಾಡುತ್ತಾಳೆ: ನಾಲಗೆ ಮುರಿಯುತ್ತದೆ, ಚರ್ಮದಡಿ ಸಣ್ಣ ಬೆಂಕಿ ಹರಿಯುತ್ತದೆ, ಕಣ್ಣು ಕಾಣದು, ಕಿವಿ ಗುಂಯ್‌ಗುಡುತ್ತದೆ, ಬೆವರು, ನಡುಕ, ಹುಲ್ಲಿಗಿಂತ ಬಿಳಿಚಿದ ಮೈ. ಬಯಕೆಯ ಹಿಡಿತದಲ್ಲಿದ್ದೂ ಇಷ್ಟು ಕರಾರುವಾಕ್ಕಾಗಿ ತನ್ನನ್ನೇ ನೋಡಿಕೊಳ್ಳುವ ಕಣ್ಣು! ಪ್ಲುಟಾರ್ಕ್ ಹೇಳುವ ಒಂದು ಕಥೆಯಲ್ಲಿ ಈ ಪಟ್ಟಿಯೇ ವೈದ್ಯರ ಕೈಪಿಡಿಯಾಗುತ್ತದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಚಂದ್ರಗುಪ್ತ ಮೌರ್ಯನೊಡನೆ ಒಪ್ಪಂದ ಮಾಡಿಕೊಂಡವನಾಗಿ ಬರುವ ಸೆಲ್ಯೂಕಸ್ ಇದ್ದಾನಲ್ಲ, ಅವನ ಮಗ ಆಂಟಿಯೋಕಸ್ ಹಾಸಿಗೆ ಹಿಡಿದ. ಎರಸಿಸ್ಟ್ರಾಟಸ್ ಎಂಬ ವೈದ್ಯ ಪಕ್ಕದಲ್ಲೇ ಕೂತು, ಬರುವವರು ಹೋಗುವವರನ್ನೆಲ್ಲ ನೋಡಿದ. ಚಿಕ್ಕ ವಯಸ್ಸಿನ ಮಲತಾಯಿ ಸ್ಟ್ರಾಟೋನಿಕೆ ಬಂದಾಗ ಮಾತ್ರ ರೋಗಿಯಲ್ಲಿ ಸಾಫೋಳ ಲಕ್ಷಣಗಳೆಲ್ಲ ಕಾಣಿಸಿಕೊಂಡವು. ಇವನು ಪ್ರೀತಿಸುತ್ತಿರುವುದು ನನ್ನ ಹೆಂಡತಿಯನ್ನು ಎಂದು ವೈದ್ಯ ಮೊದಲು ಸುಳ್ಳು ಹೇಳಿದ. ನನ್ನ ಮಗನ ಜೀವಕ್ಕಾಗಿ ಬಿಟ್ಟುಕೊಡಬಾರದೇ ಎಂದು ದೊರೆ ಬೇಡಿದ. ಅವಳು ಸ್ಟ್ರಾಟೋನಿಕೆಯೇ ಆಗಿದ್ದರೆ ನೀವು ಬಿಟ್ಟುಕೊಡುತ್ತಿದ್ದಿರಾ ಎಂದು ವೈದ್ಯ ಮರುಪ್ರಶ್ನೆ ಹಾಕಿದ. ಸಂತೋಷದಿಂದ ಕೊಡುತ್ತಿದ್ದೆ ಎಂದ ದೊರೆ, ಕೊಟ್ಟೂ ಕೊಟ್ಟ. ಸ್ಟ್ರಾಟೋನಿಕೆಯ ನಾಡಿಯನ್ನು ಯಾರೂ ಹಿಡಿದು ನೋಡಲಿಲ್ಲ.

ಕವಿಗಳು ಪ್ರೇಮವನ್ನು ರೋಗವೆಂದು ಕರೆದದ್ದು ನಿಜ, ಆದರೆ ಅದನ್ನು ತಿರಸ್ಕರಿಸಿದವನನ್ನೂ ಅವರು ಸುಮ್ಮನೆ ಬಿಟ್ಟಿಲ್ಲ. ಯೂರಿಪಿಡೀಸನ ಹಿಪ್ಪೊಲಿಟಸ್ ಕಾಮವನ್ನೇ ಒಲ್ಲೆನೆಂದ ಶುದ್ಧ ಹುಡುಗ. ಪ್ರೇಮದೇವತೆ ಅಫ್ರೊಡೈಟಿ ಅದನ್ನು ಅವಮಾನವೆಂದು ಎಣಿಸಿ ಅವನ ಮಲತಾಯಿ ಫೀಡ್ರಾಳ ಮೂಲಕ ಅವನನ್ನು ಮುಗಿಸುತ್ತಾಳೆ. ಆ ಫೀಡ್ರಾ ಕೂಡ ಮೆಡಿಯಾಳ ಜಾತಿಯವಳೇ. ಒಳ್ಳೆಯದು ಯಾವುದೆಂದು ನಮಗೆ ತಿಳಿದಿದೆ, ಗುರುತಿಸುತ್ತೇವೆ, ಆದರೆ ಅದನ್ನು ಮಾಡಿ ಮುಗಿಸುವುದಿಲ್ಲ ಎಂದು ಊರ ಹೆಂಗಸರ ಮುಂದೆ ಹೇಳಿಕೊಳ್ಳುತ್ತಾಳೆ. ಪ್ಲೇಟೋ ‘ರಿಪಬ್ಲಿಕ್’ನಲ್ಲಿ ಲಿಯಾಂಟಿಯಸ್ ಎಂಬವನ ಕಥೆ ಹೇಳುತ್ತಾನೆ: ಕೋಟೆಗೋಡೆಯ ಹೊರಗೆ ಮರಣದಂಡನೆ ಕೊಡುವ ಆಳಿನ ಪಕ್ಕ ಬಿದ್ದಿದ್ದ ಹೆಣಗಳನ್ನು ನೋಡುವ ಆಸೆ, ನೋಡಬಾರದೆಂಬ ಅಸಹ್ಯ; ಮುಖ ಮುಚ್ಚಿಕೊಂಡು ಗುದ್ದಾಡಿ, ಕೊನೆಗೆ ಸೋತು, ಕಣ್ಣನ್ನು ಅಗಲಿಸಿ ಓಡಿಹೋಗಿ, “ಪಾಪಿಗಳಿರಾ, ಇಗೊಳ್ಳಿ, ಹೊಟ್ಟೆತುಂಬ ನೋಡಿ” ಎಂದು ತನ್ನ ಕಣ್ಣುಗಳಿಗೇ ಬೈದನಂತೆ. ಅಪಘಾತವಾದಲ್ಲಿ ಬಸ್ಸಿನ ಕಿಟಕಿಯಿಂದ ಕತ್ತು ಚಾಚುವ ನಮಗೆಲ್ಲ ಇವನು ಹಿರಿಯಣ್ಣ. ಇದನ್ನು ಬರೆದ ಪ್ಲೇಟೋನೇ, ಒಣಗಿಸಬೇಕಾದ ಭಾವಗಳಿಗೆ ಕಾವ್ಯ ನೀರೆರೆಯುತ್ತದೆ ಎಂದು ಕವಿಗಳನ್ನು ತನ್ನ ಆದರ್ಶ ನಗರದ ಆಚೆ ಇಟ್ಟ. ಲಿಯಾಂಟಿಯಸ್‌ನ ಬೈಗುಳದಷ್ಟು ಜೀವಂತವಾದ ಸಾಲು ಬರೆಯಬಲ್ಲವನಿಗೆ ಕವಿಗಳ ಭಯ ಇದ್ದದ್ದು ಸಹಜವೇ.

ರೋಮಿಗೆ ಬಂದರೆ ಸ್ಟೊಯಿಕ್ ಚಿಂತಕ, ನಾಟಕಕಾರ ಸೆನೆಕಾನನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ. ಕೋಪದ ಮೇಲೆ ಅವನು ಮೂರು ಭಾಗಗಳ ಗ್ರಂಥ ಬರೆದ, ಅಣ್ಣ ನೊವಾಟಸ್‌ಗೆ ಉದ್ದೇಶಿಸಿ. ಅರಿಸ್ಟಾಟಲ್‌ನ ಹದವಾದ ಕೋಪವನ್ನು ಅವನು ಒಪ್ಪುವುದಿಲ್ಲ. ಕೋಪವೆಂದರೆ ಗಿಡ್ಡ ಅವಧಿಯ ಹುಚ್ಚು. ಉದಾಹರಣೆಗಳ ಭಂಡಾರವೇ ಅಲ್ಲಿದೆ. ವೇಡಿಯಸ್ ಪೋಲಿಯೊ ಎಂಬ ಸಿರಿವಂತನ ಮನೆಯ ಊಟದಲ್ಲಿ ಗುಲಾಮನೊಬ್ಬ ಸ್ಫಟಿಕದ ಬಟ್ಟಲು ಒಡೆದ. ಅವನನ್ನು ಕೊಳದ ದೊಡ್ಡ ಹಾವುಮೀನುಗಳಿಗೆ ಎಸೆಯಿರಿ ಎಂದ ಯಜಮಾನ. ಹುಡುಗ ಅತಿಥಿಯಾಗಿ ಬಂದಿದ್ದ ಚಕ್ರವರ್ತಿ ಅಗಸ್ಟಸ್‌ನ ಕಾಲಿಗೆ ಬಿದ್ದು, ಪ್ರಾಣ ಉಳಿಸಿ ಎನ್ನಲಿಲ್ಲ, ಬೇರೆ ರೀತಿ ಸಾಯಲು ಬಿಡಿ, ಮೀನಿಗೆ ಆಹಾರವಾಗುವುದು ಬೇಡ ಎಂದ. ಅಗಸ್ಟಸ್ ಅವನನ್ನು ಬಿಡಿಸಿ, ಮನೆಯಲ್ಲಿದ್ದ ಸ್ಫಟಿಕವನ್ನೆಲ್ಲ ತನ್ನ ಕಣ್ಣೆದುರೇ ಒಡೆಸಿ ಕೊಳ ಮುಚ್ಚಿಸಿದ. ಒಬ್ಬನ ಸಿಟ್ಟಿಗೆ ಮದ್ದು ಅವನಿಗಿಂತ ದೊಡ್ಡವನೊಬ್ಬ ಊಟಕ್ಕೆ 
ಬಂದಿದ್ದು ಎಂಬುದನ್ನು ಸೆನೆಕಾ ಗಮನಿಸಿದನೋ ಇಲ್ಲವೋ. ಅವನೇ ಹೇಳುವ ಇನ್ನೊಂದು ಕಥೆ ನನಗೆ ಇಷ್ಟ: ಗುಲಾಮನನ್ನು ಹೊಡೆಯಲು ಕೈ ಎತ್ತಿದ ಪ್ಲೇಟೋಗೆ ತಾನು ಸಿಟ್ಟಿನಲ್ಲಿರುವುದು ಅರಿವಾಗಿ, ಎತ್ತಿದ ಕೈಯನ್ನು ಹಾಗೆಯೇ ಗಾಳಿಯಲ್ಲಿ ನಿಲ್ಲಿಸಿದ. ಬಂದ ಗೆಳೆಯ ಏನು ಮಾಡುತ್ತಿದ್ದೀಯ ಎಂದರೆ, ಸಿಟ್ಟಾದವನೊಬ್ಬನಿಗೆ ಶಿಕ್ಷೆ ಕೊಡುತ್ತಿದ್ದೇನೆ ಎಂದನಂತೆ.

ಸೆನೆಕಾ ಒಂದು ಸೂಕ್ಷ್ಮವನ್ನೂ ಹಿಡಿದ. ಮೈ ಜುಮ್ಮೆನ್ನುವುದು, ಮುಖ ಕೆಂಪಾಗುವುದು, ಎದೆ ಧಸಕ್ಕೆನ್ನುವುದು ನಮ್ಮ ಕೈಯಲ್ಲಿಲ್ಲ, ಅವು ಇನ್ನೂ ಕೋಪವಲ್ಲ. ನನಗೆ ಅನ್ಯಾಯವಾಗಿದೆ, ಸೇಡು ತೀರಿಸಿಕೊಳ್ಳಬೇಕು ಎಂಬ ಮಾತಿಗೆ ಮನಸ್ಸು ಹೂಂ ಎಂದಾಗ ಕೋಪ ಶುರುವಾಗುತ್ತದೆ. ಆ ಹೂಂ ಎನ್ನುವ ಗಳಿಗೆಗೆ ಮುಂಚೆ ಹಿಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಪ್ಪತಕ್ಕ ಮಾತು. ಆದರೆ ಇದೇ ಸೆನೆಕಾ ಬರೆದ ನಾಟಕಗಳನ್ನು ಓದಿ ನೋಡಿ! ಅವನ ‘ಮೆಡಿಯಾ’ದಲ್ಲಿ ಮಕ್ಕಳ ಕೊಲೆ ತೆರೆಮರೆಯಲ್ಲಿ ಇಲ್ಲ, ಒಂದು ಮಗುವನ್ನು ಮಾಳಿಗೆಯ ಮೇಲೆ ಜೇಸನ್‌ನ ಕಣ್ಣೆದುರೇ ಮುಗಿಸುತ್ತಾಳೆ. “ಈಗ ನಾನು ಮೆಡಿಯಾ” ಎಂದು ಹೇಳಿಕೊಳ್ಳುತ್ತಾಳೆ, ಇಷ್ಟು ದಿನ ಬರೀ ಅಭ್ಯಾಸ ನಡೆದಿತ್ತು ಎಂಬ ಹಾಗೆ. ಸ್ಟೊಯಿಕ್ ಸಾಧಕ ತನ್ನ ಸ್ವರೂಪವನ್ನು ಹುಡುಕಿಕೊಳ್ಳುವ ದಾರಿಯಲ್ಲೇ ಇವಳೂ ನಡೆದು ತನ್ನದನ್ನು ಹುಡುಕಿಕೊಂಡಿದ್ದಾಳೆ. ಅವಳು ಹೂಂ ಅಂದದ್ದು ಪೂರ್ತಿ ಎಚ್ಚರದಲ್ಲಿ. ಪ್ರಬಂಧ ಬರೆದ ಸೆನೆಕಾ ಬೇರೆ, ನಾಟಕ ಬರೆದವನು ಬೇರೆ ಎಂದು ಹಿಂದೆ ಕೆಲವರು ವಾದಿಸಿದ್ದೂ ಉಂಟು. ನನಗೆ ಒಬ್ಬನೇ ಅನಿಸುತ್ತದೆ. ಕ್ರಿ.ಶ. 49ರಿಂದ, ಮುಂದೆ ಚಕ್ರವರ್ತಿಯಾದ ನೀರೋನ ಗುರುವಾಗಿ, ಅವನಿಗೆ ದಯೆಯ ಮೇಲೊಂದು ಗ್ರಂಥ ಬರೆದುಕೊಟ್ಟು, 59ರಲ್ಲಿ ಆ ಶಿಷ್ಯ ಹೆತ್ತ ತಾಯಿಯನ್ನೇ ಕೊಲ್ಲಿಸಿದ್ದನ್ನು ಕಂಡು, 65ರಲ್ಲಿ ಅವನದೇ ಆಜ್ಞೆಗೆ ರಕ್ತನಾಳ ಕತ್ತರಿಸಿಕೊಂಡು ಸತ್ತವನಿಗೆ, ಉಪದೇಶ ಎಷ್ಟು ದೂರ ಹೋಗುತ್ತದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ದುಃಖದ ವಿಷಯದಲ್ಲಿ ನನ್ನನ್ನು ಎಲ್ಲರಿಗಿಂತ ಹೆಚ್ಚು ಕಲಕಿದವನು ರೋಮಿನ ರಾಜಕಾರಣಿ, ವಾಗ್ಮಿ ಸಿಸೆರೊ. ಬೇರೆ ವಿಷಯಗಳಲ್ಲಿ ಅವನ ಜಂಬ ಸಹಿಸುವುದು ಕಷ್ಟ. ಕ್ರಿ.ಪೂ. 45ರ ಫೆಬ್ರವರಿಯಲ್ಲಿ ಅವನ ಮಗಳು ಟುಲ್ಲಿಯಾ ಹೆರಿಗೆಯ ನಂತರ ತೀರಿಕೊಂಡಳು. ಮೊದಲು ಗೆಳೆಯ ಆಟಿಕಸ್‌ನ ಮನೆಯಲ್ಲಿದ್ದು, ದುಃಖಶಮನದ ಬಗ್ಗೆ ಬಂದ ಪುಸ್ತಕಗಳನ್ನೆಲ್ಲ ಓದಿದ. ಆಮೇಲೆ ಆಸ್ತುರಾ ಎಂಬ ಕಡಲಂಚಿನ ಒಂಟಿ ಮನೆಗೆ ಹೋದ. ಅಲ್ಲಿಂದ ಆಟಿಕಸ್‌ಗೆ ಬರೆದ ಕಾಗದ: ಬೆಳಿಗ್ಗೆ ಎದ್ದು ಮುಳ್ಳಿನ ದಟ್ಟ ಕಾಡಿನೊಳಗೆ ಅಡಗಿಕೊಳ್ಳುತ್ತೇನೆ, ಸಂಜೆಯವರೆಗೆ ಹೊರಬರುವುದಿಲ್ಲ, ಮಾತೆಲ್ಲ ಪುಸ್ತಕಗಳ ಜೊತೆ, ಅದನ್ನೂ ಅಳು ನಡುವೆ ಬಂದು ತಡೆಯುತ್ತದೆ, ಆದಷ್ಟು ಎದುರಿಸುತ್ತಿದ್ದೇನೆ, ಇನ್ನೂ ಅದಕ್ಕೆ ಸಾಟಿಯಾಗಿಲ್ಲ. ಗ್ರೀಸ್‌ನಲ್ಲಿ ಅಧಿಕಾರಿಯಾಗಿದ್ದ ಸರ್ವಿಯಸ್ ಸುಲ್ಪಿಸಿಯಸ್ ಅವನಿಗೆ ಸಾಂತ್ವನದ ಕಾಗದ ಬರೆದ. ಹಡಗಿನಲ್ಲಿ ಬರುವಾಗ ಸುತ್ತ ನೋಡಿದೆ, ಒಂದು ಕಾಲಕ್ಕೆ ಮೆರೆದ ಈಜೈನಾ, ಮೆಗರಾ, ಪೈರೀಯಸ್, ಕೊರಿಂತ್ ಎಲ್ಲ ಹಾಳುಬಿದ್ದಿವೆ. ಇಷ್ಟು ನಗರಗಳ ಹೆಣ ಇಲ್ಲಿ ಬಿದ್ದಿರುವಾಗ ನಮ್ಮಂಥ ಪುಟ್ಟ ಮನುಷ್ಯರಲ್ಲಿ ಒಬ್ಬರು ಸತ್ತರೆ ಹೀಗೆ ಕುಸಿಯುವುದೇ? ಗಂಡಸು ಗಂಡಸಿಗೆ ಬರೆದ ಸಾಂತ್ವನ. ಬೇರೆಯವರು ಮಕ್ಕಳನ್ನು ಕಳಕೊಂಡಾಗ ಅವರಿಗೆ ರಾಜಕಾರಣದ ಕೆಲಸವಾದರೂ ಉಳಿದಿತ್ತು, ನನಗೆ ಗಣರಾಜ್ಯವೂ ಹೋಗಿದೆ, ಅವಳೊಬ್ಬಳೇ ಆಸರೆಯಾಗಿದ್ದಳು ಎಂದು ಸಿಸೆರೊ ಉತ್ತರಿಸಿದ.

ಅದೇ ವರ್ಷ ಅವನು ‘ಟಸ್ಕುಲಂ ಸಂವಾದಗಳು’ ಬರೆದ. ಟಸ್ಕುಲಂ ಅವನ ಹಳ್ಳಿಮನೆಯಿದ್ದ ಜಾಗ, ಟುಲ್ಲಿಯಾ ಸತ್ತದ್ದೂ ಅಲ್ಲಿಯೇ. ಜ್ಞಾನಿಗೆ ದುಃಖವಿಲ್ಲ ಎಂದು ಅಲ್ಲಿ ಸವಿಸ್ತಾರವಾಗಿ ವಾದಿಸುತ್ತಾನೆ. ಆ ವಾದದ ನಡುವೆ, ತಾನು ತನಗೇ ಬರೆದುಕೊಂಡಿದ್ದ ಸಾಂತ್ವನದ ಪುಸ್ತಕದ ಪ್ರಸ್ತಾಪ ಬಂದಾಗ ಒಂದು ಮಾತು ಸೇರಿಸುತ್ತಾನೆ: ಅದನ್ನು ಬರೆದದ್ದು ದುಃಖದ ನಟ್ಟನಡುವೆ, ನಾನೇನು ಜ್ಞಾನಿಯಾಗಿರಲಿಲ್ಲವಲ್ಲ. ಊತ ಇನ್ನೂ ಹಸಿಯಿರುವಾಗ ಔಷಧ ಹಚ್ಚಬಾರದು ಎಂದು ಕ್ರಿಸಿಪ್ಪಸ್ ಹೇಳಿದ್ದಾನೆ, ನಾನು ಅದನ್ನೇ ಮಾಡಿದೆ ಎಂದೂ ಒಪ್ಪಿಕೊಳ್ಳುತ್ತಾನೆ. ಭಾವವೆಲ್ಲ ತಪ್ಪು ತೀರ್ಪು ಎಂದ ಕ್ರಿಸಿಪ್ಪಸ್‌ಗೇ ಹಸಿ ದುಃಖದ ಮುಂದೆ ವಾದ ನಡೆಯದೆಂದು ತಿಳಿದಿತ್ತು. ಇಡೀ ಸಂವಾದದಲ್ಲಿ ನಾನು ನಂಬುವುದು ಈ ಪಕ್ಕದ ಮಾತುಗಳನ್ನು.

ಕೊನೆಗೆ ರೋಮನ್ ಕವಿ ವರ್ಜಿಲ್. ಅವನ ‘ಏನೀಡ್’ ಕಾವ್ಯದ ನಾಯಕ ಏನೀಯಸ್ ರೋಮಿನ ಆದರ್ಶ, ಎದೆಯ ಸಂಕಟವನ್ನು ಎದೆಯಲ್ಲೇ ಒತ್ತಿಕೊಳ್ಳುವವನು. ಕಾರ್ತೇಜಿನ ರಾಣಿ ಡೈಡೊಳನ್ನು ಬಿಟ್ಟು ಹೊರಟಾಗ, ಮನಸ್ಸು ಅಲುಗಲಿಲ್ಲ, ಕಣ್ಣೀರು ವ್ಯರ್ಥವಾಗಿ ಉರುಳಿತು ಎಂಬ ಸಾಲಿದೆ. ಯಾರ ಕಣ್ಣೀರೆಂದು ಕವಿ ಹೇಳಿಲ್ಲ. ಅದು ಏನೀಯಸ್‌ನದೇ ಎಂದು ಸಂತ ಅಗಸ್ಟಿನ್ ಸ್ಟೊಯಿಕರ ಜೊತೆ ವಾದಿಸುವಾಗ ಬಳಸಿಕೊಂಡ. ಈ ಸಂಯಮಿ ಹನ್ನೆರಡನೆಯ ಸರ್ಗದ ಕೊನೆಯಲ್ಲಿ ತನ್ನ ವೈರಿ ಟರ್ನಸ್‌ನನ್ನು ನೆಲಕ್ಕೆ ಬೀಳಿಸಿ ನಿಂತಿದ್ದಾನೆ. ಟರ್ನಸ್ ಕೈಚಾಚಿ, ನನ್ನ ಮುದಿ ತಂದೆಯನ್ನು ನೆನೆ, ನೀನು ಗೆದ್ದೆ, ದ್ವೇಷವನ್ನು ಇನ್ನು ಬೆಳೆಸಬೇಡ ಎನ್ನುತ್ತಾನೆ. ಸೋತವರನ್ನು ಉಳಿಸು ಎಂದು ಪಾತಾಳದಲ್ಲಿ ಏನೀಯಸ್‌ಗೆ ಅವನ ತಂದೆಯೇ ಹೇಳಿಕಳಿಸಿದ್ದ. ಕೈ ತಡೆಯುತ್ತದೆ. ಆಗ ಟರ್ನಸ್‌ನ ಹೆಗಲ ಮೇಲಿನ ಪಟ್ಟಿ ಕಣ್ಣಿಗೆ ಬೀಳುತ್ತದೆ. ತನ್ನ ವಶಕ್ಕೆ ಒಪ್ಪಿಸಿದ್ದ ಹುಡುಗ ಪಲ್ಲಾಸ್‌ನನ್ನು ಕೊಂದು ಅವನು ಕಿತ್ತುಕೊಂಡದ್ದು ಅದು. “ಈ ಏಟಿನಿಂದ ನಿನ್ನನ್ನು ಬಲಿಕೊಡುತ್ತಿರುವವನು ಪಲ್ಲಾಸ್, ಪಲ್ಲಾಸ್” ಎಂದು ಕೂಗಿ ಕತ್ತಿ ಹೂಳುತ್ತಾನೆ. ಎರಡು ಸಾಲಿನೊಳಗೆ ಕಾವ್ಯ ನಿಂತುಹೋಗುತ್ತದೆ.

ಈ ಕೊನೆಯ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಸಲ್ಲಬೇಕಾದ ಸೇಡು ಸಂದಿತು ಎನ್ನುವವರಿಗೆ ಅರಿಸ್ಟಾಟಲ್‌ನ ಬೆಂಬಲವಿದೆ. ರೋಮ್ ಸಾಮ್ರಾಜ್ಯದ ಅಡಿಪಾಯಕ್ಕೆ ಕವಿ ಬೇಕೆಂದೇ ಒಂದು ಕೊಲೆ ಇಟ್ಟ ಎನ್ನುವವರೂ ಇದ್ದಾರೆ. ನನ್ನ ಕಣ್ಣು ಹೋಗುವುದು ಆ ಕೂಗಿನ ಮೇಲೆ. ಅಕಿಲೀಸ್ ಪ್ರಯಮ್‌ನ ಮುಂದೆ, ನಾನು ನಿನ್ನನ್ನು ಕೊಂದೇನು ಎಂದು ತನ್ನ ಹೆಸರಿನಲ್ಲೇ ಹೇಳಿಕೊಂಡಿದ್ದ. ಅಷ್ಟು ಹೇಳಿಕೊಂಡಿದ್ದರಿಂದಲೇ ಕೊಲ್ಲದೆ ಉಳಿದ. ಸಂಯಮದಲ್ಲೇ ಪಳಗಿದ ಏನೀಯಸ್‌ಗೆ ಆ ಮಾತು ಬರುವುದಿಲ್ಲ. ಸತ್ತ ಹುಡುಗನ ಹೆಸರನ್ನು ಮುಂದೆ ಮಾಡಿ, ಕೊಲ್ಲುತ್ತಿರುವವನು ತಾನಲ್ಲ ಎಂಬಂತೆ ಕೊಲ್ಲುತ್ತಾನೆ. ವರ್ಜಿಲ್ ಮಾತ್ರ ಅದಕ್ಕೆ ಅವಕಾಶ ಕೊಟ್ಟಿಲ್ಲ. ಕೂಗಿಗೆ ಸ್ವಲ್ಪವೇ ಮುಂಚೆ, ಉನ್ಮಾದದಿಂದ ಹೊತ್ತಿಕೊಂಡು ಕೋಪದಲ್ಲಿ ಭಯಂಕರನಾಗಿ ಎಂದು ಬರೆದಿದ್ದಾನೆ, ಮತ್ತು ಆ ವಾಕ್ಯದ ಕರ್ತೃ ಏನೀಯಸ್.